ದಂಡಿಗೊಂದು ಚರಿತ್ರೆಯ ವಾರ ಬೇಕೇ?

ಚೆನ್ನೈಯಲ್ಲಿ ಪ್ರತಿವರ್ಷ ಆಗಸ್ಟ್ 22ರ ಆಸುಪಾಸಿನಲ್ಲಿ 'ಮದ್ರಾಸ್ ವಾರ' ನಡೆಯುತ್ತದೆ. 1639ರಲ್ಲಿ ಆ ದಿನ ಕಡಲತಡಿಯ ಒಂದು ತುಂಡು ನೆಲ ಸ್ಥಳೀಯ ನಾಯಕರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತೆಂದು ಲೆಕ್ಕ. ಚರಿತ್ರೆಕಾರ ಎಸ್. ಮುತ್ತಯ್ಯ ಮತ್ತು ಇಬ್ಬರು ಪತ್ರಕರ್ತ ಗೆಳೆಯರು 2004ರಲ್ಲಿ ಒಂದು ದಿನಕ್ಕೆಂದು ಶುರುಮಾಡಿದ್ದು ವಾರವಾಗಿ, ಈಗ ತಿಂಗಳ ತುಂಬ ಹರಡಿಕೊಂಡಿದೆ. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದೇ ಮದ್ರಾಸಿನ ಪಡೆಗಳಿಂದ, ಬೆಳೆದದ್ದು ಮದ್ರಾಸ್ ರೈಲಿನಿಂದ. ಹಾಗಾದರೆ ಶಿವಾಜಿನಗರ, ಹಲಸೂರು, ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ಈ ಪೂರ್ವ ಭಾಗಕ್ಕೂ ಅಂಥದ್ದೊಂದು ಚರಿತ್ರೆಯ ವಾರ ಬೇಕೇ? ಹಲಸೂರಿನವರೊಬ್ಬರು ಬೇಕು ಎನ್ನುತ್ತಾರೆ, ಶಿವಾಜಿನಗರದವರೊಬ್ಬರು ಬೇಡ ಎನ್ನುತ್ತಾರೆ.

ಪರ

ಬೇಕು ಅನ್ನುವುದಕ್ಕೆ ನನ್ನ ಮೊದಲ ಕಾರಣ ಕನ್ನಡದ್ದೇ. ಬೆಂಗಳೂರಿನ ಚರಿತ್ರೆ ಎಂದರೆ ನಮ್ಮ ಮಾತು 1537ರ ಕೆಂಪೇಗೌಡರ ಪೇಟೆಯಿಂದ ಹೊರಟು, ಚಿಕ್ಕಪೇಟೆ, ಬಸವನಗುಡಿ, ಮಲ್ಲೇಶ್ವರ ಸುತ್ತಿ, ಕಬ್ಬನ್ ಪಾರ್ಕಿನ ಬೇಲಿಗೆ ಬಂದು ನಿಂತುಬಿಡುತ್ತದೆ. ಅದರಾಚೆಯದು ಬಿಳಿಯರದ್ದು, ತಮಿಳರದ್ದು, ಉರ್ದು ಮಾತಾಡುವವರದ್ದು, ನಮಗೇಕೆ ಅದರ ಉಸಾಬರಿ ಎಂಬ ಭಾವನೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗ ದಂಡನ್ನು ಮಾತ್ರ ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡರು. ರೆಸಿಡೆಂಟರ ಆಡಳಿತ, ಬೇರೆ ಪೊಲೀಸು, ಬೇರೆ ಮುನಿಸಿಪಾಲಿಟಿ. ಅದು ಮೈಸೂರಿಗೆ ಬಂದದ್ದು 1947ರಲ್ಲಿ, ಪೇಟೆಯೊಂದಿಗೆ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಆಡಳಿತದ ಗಡಿ ಅಳಿಸಿ ಮುಕ್ಕಾಲು ಶತಮಾನವಾದರೂ ನಮ್ಮ ಪಠ್ಯಪುಸ್ತಕದ ಬೆಂಗಳೂರು ಅದನ್ನು ದಾಟಿಲ್ಲ.

ದಂಡನ್ನು ಯಾರೋ ಖಾಲಿ ಬಯಲಿನಲ್ಲಿ ತಂದಿಟ್ಟದ್ದಲ್ಲ. 1809ರಲ್ಲಿ ಪಡೆಗಳು ಇಲ್ಲಿಗೆ ಬಂದಾಗ ಹಲಸೂರಿನ ಸೋಮೇಶ್ವರನಿಗೆ ಆಗಲೇ ಶತಮಾನಗಳ ವಯಸ್ಸು. ದೊಮ್ಮಲೂರಿನ ಚೊಕ್ಕನಾಥ ದೇವಾಲಯದಲ್ಲಿ ತಮಿಳು ಶಾಸನಗಳಿವೆ. ಕೆ.ಆರ್. ಪುರದ ದಾರಿಯಲ್ಲಿ ಸಿಗುವ ವಿಭೂತಿಪುರದಲ್ಲಿ, ಕಾಡು ಕಡಿದು ಊರು ಮತ್ತು ಕೆರೆ ಕಟ್ಟಿದ್ದನ್ನು ಹೇಳುವ, 1307ರ ಹೊಯ್ಸಳರ ಕಾಲದ ಶಾಸನವಿದೆ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲೇ ಅಚ್ಚು ಹಾಕಿಸಿದರು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕಾಫಿ ಕುಡಿಯುವ ಹುಡುಗರಿಗೆ, ಕೂಗಳತೆಯಲ್ಲಿರುವ ದೊಮ್ಮಲೂರಿಗೆ ಇಷ್ಟು ಹಳೆಯ ಲಿಖಿತ ಚರಿತ್ರೆ ಇದೆಯೆಂದು ಹೇಳುವವರು ಯಾರು?

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಪ್ಲೇಗಿನ ಕಥೆ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದ ರೋಗ ಪೇಟೆಯನ್ನೂ ದಂಡನ್ನೂ ಒಟ್ಟಿಗೇ ಹಿಡಿಯಿತು. ಅದಕ್ಕೆ ರೆಸಿಡೆಂಟರ ಗಡಿ, ಮಹಾರಾಜರ ಗಡಿ ಎಂಬ ಭೇದವಿರಲಿಲ್ಲ. ಆ ಕಡೆ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಹೋಗಿ ನೆಲೆಸಿದರು. ಈ ಕಡೆ ಇಕ್ಕಟ್ಟಾದ ಬ್ಲಾಕ್‌ಪಲ್ಲಿಯ, ಅಂದರೆ ಇಂದಿನ ಶಿವಾಜಿನಗರದ, ಕೇರಿಗಳ ಒತ್ತಡ ಇಳಿಸಲೆಂದು ಹೊಸ ಬಡಾವಣೆಯ ಯೋಜನೆಯಾಯಿತು. 1906ರಲ್ಲಿ ಅಡಿಗಲ್ಲು ಬಿದ್ದ ಆ ಬಡಾವಣೆಗೆ ಆಗಿನ ರೆಸಿಡೆಂಟರ ಹೆಸರಿಟ್ಟು ಫ್ರೇಜರ್ ಟೌನ್ ಎಂದರು. ಎರಡು ಸರ್ಕಾರಗಳು ಒಂದೇ ಹೆದರಿಕೆಗೆ ಹೆಚ್ಚು ಕಡಿಮೆ ಒಂದೇ ಉತ್ತರ ಕೊಟ್ಟವು: ಅಗಲ ಬೀದಿ, ಗಾಳಿ ಬೆಳಕು, ಮನೆಗಳ ನಡುವೆ ಅಂತರ. ಬೆಂಗಳೂರಿನ ಎರಡೂ ಕಡೆಯ ಮಕ್ಕಳಿಗೆ ಒಟ್ಟಿಗೆ ಹೇಳಬಹುದಾದ ಪಾಠವೊಂದಿದ್ದರೆ ಇದೇ. ಕೊರೊನಾ ಕಂಡ ತಲೆಮಾರಿಗಂತೂ ಇದನ್ನು ವಿವರಿಸಿ ಹೇಳಬೇಕಾಗಿಯೂ ಇಲ್ಲ.

ಇಲ್ಲಿ ಊರು ಕಟ್ಟಿದವರ ಹೆಸರುಗಳೂ ಹಾಗೆಯೇ ಮಸುಕಾಗಿವೆ. ಅಠಾರಾ ಕಚೇರಿಯ ಗುತ್ತಿಗೆ ಹಿಡಿದಿದ್ದ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು 1873ರಲ್ಲಿ ಉಚಿತ ಶಾಲೆ ತೆರೆದರು. ಆ ಶಾಲೆಯ ಹೆಸರಿನಲ್ಲಿರುವ ಆರ್‌ಬಿಎಎನ್‌ಎಂಎಸ್ ಎಂಬ ಅಕ್ಷರಗಳ ಹಿಂದೆ ಇರುವುದು ಅವರೇ. ಪರದೆಯ ಹೆಣ್ಣುಮಕ್ಕಳಿಗೆಂದು ಗೋಷಾ ಆಸ್ಪತ್ರೆ ಕಟ್ಟಿಸಿಕೊಟ್ಟವರು ವ್ಯಾಪಾರಿ ಹಾಜಿ ಇಸ್ಮಾಯಿಲ್ ಸೇಠರು. ದಂಡಿನ ಚರಿತ್ರೆ ಎಂದರೆ ಬೆಂಗಳೂರು ಕ್ಲಬ್ಬಿನಲ್ಲಿ ಚರ್ಚಿಲ್ ಉಳಿಸಿಹೋದ 13 ರೂಪಾಯಿ ಬಾಕಿ ಎಂದು ನಂಬಿ ಕೂತವರಿಗೆ ಇವರ ಹೆಸರು ಕಿವಿಗೆ ಬೀಳಲಿ.

ಖರ್ಚಿಗೆ ಎಲ್ಲಿಂದ ತರುತ್ತೀರಿ ಎಂದು ಕೇಳುವವರು ಚೆನ್ನೈಯನ್ನು ನೋಡಲಿ. ಅಲ್ಲಿ ಅದು ಮೊದಲಿನಿಂದಲೂ ಸ್ವಯಂಸೇವಕರ ಕೆಲಸ. ಒಬ್ಬರು ತಮ್ಮ ಸಭಾಂಗಣದಲ್ಲಿ ಉಪನ್ಯಾಸ ಇಡುತ್ತಾರೆ, ಇನ್ನೊಬ್ಬರು ಬೀದಿ ನಡಿಗೆ ಮಾಡಿಸುತ್ತಾರೆ, ಶಾಲೆಗಳು ರಸಪ್ರಶ್ನೆ ನಡೆಸುತ್ತವೆ. ವೇದಿಕೆ, ಶಾಮಿಯಾನ, ಮಂತ್ರಿಗಳ ಹಾರ ಯಾವುದೂ ಕಡ್ಡಾಯವಲ್ಲ.

ಭಾಷೆಯ ಜಗಳ ಎದ್ದೀತು ಎಂಬ ಭಯವೂ ನನಗೆ ಗೊತ್ತು. ಹಲಸೂರು ಕೆರೆಯ ಬಳಿ 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿತ್ತು. ಅದೇ ವರ್ಷದ ಕಾವೇರಿ ಗಲಭೆಯನ್ನು ನಾವು ಹಲಸೂರಿನವರು ಮರೆತಿಲ್ಲ. ಆದರೆ 2009ರ ಆಗಸ್ಟ್‌ನಲ್ಲಿ ಮುಸುಕು ತೆಗೆದದ್ದೂ ನಿಜ, ಅದೇ ವಾರ ಚೆನ್ನೈಯ ಅಯನಾವರದಲ್ಲಿ ಸರ್ವಜ್ಞ ಎದ್ದು ನಿಂತದ್ದೂ ನಿಜ. ಇಬ್ಬರು ಮುಖ್ಯಮಂತ್ರಿಗಳಿಂದ ಆದ ಕೆಲಸ ನಾಲ್ಕು ಬೀದಿಯ ಮೇಷ್ಟರುಗಳಿಂದ ಆಗದೇ?

ವಿರೋಧ

ಹಲಸೂರಿನ ಗೆಳೆಯರು ಹೇಳಿದ ಸಂಗತಿಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಅದನ್ನೆಲ್ಲ ಹೇಳಲು ಒಂದು ಹಬ್ಬವೇ ಬೇಕೆಂಬುದನ್ನು ಮಾತ್ರ ಒಪ್ಪಲಾರೆ. ಶಿವಾಜಿನಗರಕ್ಕೆ ಹಬ್ಬದ ಬರ ಬಂದಿದೆಯೇ? ಆಗಸ್ಟ್ 29ಕ್ಕೆ ಸೇಂಟ್ ಮೇರಿ ಬಸಿಲಿಕಾದಲ್ಲಿ ಧ್ವಜ ಏರುತ್ತದೆ. ಅಲ್ಲಿಂದ ಸೆಪ್ಟೆಂಬರ್ 8ರ ತೇರಿನವರೆಗೆ ಕಾವಿ ಉಟ್ಟ ಭಕ್ತರು, ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು, ಮೇಣದಬತ್ತಿ, ಹೂವು, ಕಡಲೆಪುರಿ. ಕೈಮುಗಿಯಲು ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ರಂಜಾನ್ ತಿಂಗಳಲ್ಲಿ ರಸೆಲ್ ಮಾರ್ಕೆಟ್ ಸುತ್ತ ನಡುರಾತ್ರಿಯೂ ಹಗಲು. ಹಲಸೂರಿನ ಹೂವಿನ ಪಲ್ಲಕ್ಕಿಗಳಿಗೆ ಆ ಗೆಳೆಯರೇ ಸಾಕ್ಷಿ. ಈ ಹಬ್ಬಗಳಲ್ಲೇ ದಂಡಿನ ಚರಿತ್ರೆ ನಡೆದಾಡುತ್ತಿದೆ, ಯಾರು ಯಾವ ಕೇರಿಯಿಂದ ಬಂದರೆಂಬುದೂ ಅಲ್ಲೇ ತಿಳಿಯುತ್ತದೆ. ಅದರ ಮೇಲೆ ಇನ್ನೊಂದು ವಾರವನ್ನು ಹೇರಿದರೆ ಅದು ಯಾರ ಹಬ್ಬವಾದೀತು?

ಸ್ವಲ್ಪ ಒರಟಾಗಿ ಹೇಳುತ್ತೇನೆ. ಅದು ನಮ್ಮನ್ನು ನೋಡಲು ಬರುವವರ ಹಬ್ಬವಾಗುತ್ತದೆ. ಈಗಲೇ ನಮ್ಮ ಬೀದಿಗಳಲ್ಲಿ ಪಾರಂಪರಿಕ ನಡಿಗೆಗಳು ನಡೆಯುತ್ತವೆ. ಹೆಚ್ಚಿನವು ಇಂಗ್ಲಿಷಿನಲ್ಲಿ, ಅದೂ ಶುಲ್ಕ ಕಟ್ಟಿದವರಿಗೆ. ಮಾಂಸದಂಗಡಿಯವನು ಕತ್ತಿ ಮಸೆಯುವುದು, ಮುದುಕಿ ಹೂ ಕಟ್ಟುವುದು, ಹಳೆಯ ಬಾಗಿಲ ಬಣ್ಣ ಉದುರಿರುವುದು, ಎಲ್ಲದರ ಫೋಟೊ ತೆಗೆಯುತ್ತಾರೆ. ಕಬಾಬು ತಿಂದು ಇಂದಿರಾನಗರಕ್ಕೆ ವಾಪಸು ಹೋಗುತ್ತಾರೆ. ಆ ಬಾಗಿಲ ಹಿಂದಿನವರನ್ನು ಯಾರೂ ಮಾತಾಡಿಸಿದ್ದು ನಾನು ಕಾಣೆ. ಫ್ರೇಜರ್ ಟೌನಿನ ಮಸೀದಿ ರಸ್ತೆಯ ರಂಜಾನ್ ತಿಂಡಿ ಮೇಳಕ್ಕೆ ಆದದ್ದೂ ಇದೇ. ಊರೆಲ್ಲ ಬಂದು ತಿಂದು ಹೊಗಳಿತು. ಗಾಡಿಗಳ ಗದ್ದಲ, ಕಸದ ರಾಶಿ ಸಾಕಪ್ಪಾ ಎಂದು ನಿವಾಸಿಗಳು ದೂರು ಕೊಟ್ಟರು.

ಇನ್ನು ದಿನಾಂಕ. ಅದರ ಗೊಡವೆಯೇ ಬೇಡವೆಂದು ಗೆಳೆಯರು ಸುಮ್ಮನಿದ್ದಾರೆ. ಬ್ಯಾನರು ಬರೆಸುವವನು ಮೊದಲು ಕೇಳುವುದು ಅದನ್ನೇ, 'ಎಷ್ಟನೆಯ ವರ್ಷ ಸಾರ್?' 1809 ಎಂದರೆ ಏನದು? 1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ತಳ ಊರಿದ ಪಡೆಗೆ ಮಲೇರಿಯಾ ಹಿಡಿದು, ಒಳ್ಳೆಯ ಹವೆ ಹುಡುಕಿಕೊಂಡು ಇಲ್ಲಿಗೆ ಬಂದ ವರ್ಷ. ಅದಕ್ಕೆ ಕೇಕು ಕತ್ತರಿಸುವುದೇ? ಚೆನ್ನೈಯಲ್ಲೂ ಆ ತಕರಾರು ಮುಗಿದಿಲ್ಲ. 1639ಕ್ಕೂ ಎಷ್ಟೋ ಶತಮಾನ ಹಿಂದಿನ ಮೈಲಾಪುರ, ತಿರುವಲ್ಲಿಕ್ಕೇಣಿಗಳನ್ನು ಕಂಪನಿಯ ಹುಟ್ಟುಹಬ್ಬದ ಅತಿಥಿಗಳನ್ನಾಗಿ ಮಾಡಿದಿರಲ್ಲ ಎಂದು ಅಲ್ಲಿಯವರೇ ಕೇಳುತ್ತಾರೆ.

ತಿರುವಳ್ಳುವರ್ ಮುಸುಕು ತೆಗೆದದ್ದನ್ನು ಅವರು ಭರವಸೆಯ ಮಾತಾಗಿ ಹೇಳಿದರು. ನಾನು 2025ರ ಸೆಪ್ಟೆಂಬರ್ ನೆನಪಿಸುತ್ತೇನೆ. ನಮ್ಮ ಮೆಟ್ರೊ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿಡಲು ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿಗಳು ಬಸಿಲಿಕಾದ ಹಬ್ಬದ ದಿನ ಹೇಳಿದ್ದೇ ತಡ, ಮಹಾರಾಷ್ಟ್ರದ ಮುಖ್ಯಮಂತ್ರಿಗಳವರೆಗೂ ಗುಲ್ಲು ಹೋಯಿತು. ಶಿವಾಜಿಯ ಹೆಸರೇ ಇರಲಿ ಎಂದರು ಕೆಲವರು, ಶಂಕರನಾಗ್ ಹೆಸರಿಡಿ ಎಂದರು ಇನ್ನು ಕೆಲವರು. ರೈಲು ಇನ್ನೂ ಓಡದ ನಿಲ್ದಾಣದ ಒಂದು ಹೆಸರಿಗೇ ಇಷ್ಟಾದರೆ, ಇಡೀ ಪ್ರದೇಶದ ಚರಿತ್ರೆಯನ್ನು ಏಳು ದಿನಗಳ ಕಾರ್ಯಕ್ರಮ ಪಟ್ಟಿಗೆ ಇಳಿಸುವಾಗ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ? ಮುದಲಿಯಾರರಿಗೆ ಒಂದು ಸಂಜೆ, ಸೇಠರಿಗೆ ಒಂದು ಸಂಜೆ ಎಂದು ಹಂಚಿದಿರಿ ಎನ್ನಿ. ದೊರೆಗಳ ಬಂಗಲೆಗಳಲ್ಲಿ ನೀರು ಹೊತ್ತ, ಕುದುರೆ ಲಾಯ ಗುಡಿಸಿದ, ಪಡೆಗೆ ಹುಲ್ಲು ಹೊರೆ ತಂದ ಕನ್ನಡ, ತೆಲುಗು, ತಮಿಳಿನ ದಲಿತ ಕುಟುಂಬಗಳಿಗೆ ಎಷ್ಟು ಹೊತ್ತಿಗೆ ಸಭೆ?

ರಸೆಲ್ ಮಾರ್ಕೆಟ್ಟಿನ ಮಾತೂ ಬರಲಿ. 1920ರ ದಶಕದ ಈ ಕಟ್ಟಡದಲ್ಲಿ 2012ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿ ಸುಟ್ಟವು. ಆಗ 'ಪರಂಪರೆ' ಎಂಬ ಮಾತು ಪತ್ರಿಕೆಗಳಲ್ಲಿ ಸಾಕಷ್ಟು ಬಂತು, ಆದರೆ ಸುಟ್ಟ ಜಾಗದಲ್ಲಿ ಮತ್ತೆ ತಕ್ಕಡಿ ಎತ್ತಿದವರು ವ್ಯಾಪಾರಿಗಳೇ. ಹಬ್ಬ ಬಂದರೆ ಆ ಮುಂಭಾಗಕ್ಕೆ ಬಣ್ಣದ ದೀಪ ಬೀಳುತ್ತದೆ, ಒಳಗಿನ ವೈರಿಂಗು ಹಾಗೆಯೇ ಇರುತ್ತದೆ.

ಬೇಕಾದ ಕೆಲಸ ಬೇರೆ, ಅದಕ್ಕೆ ತಮಟೆ ಬೇಡ. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳನ್ನು ಊರೂರು ತಿರುಗಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ವರ್ಷವಿಡೀ ನಡೆಯುವ ಕೆಲಸ, ಯಾವ ವಾರಕ್ಕೂ ಕಾಯಲಿಲ್ಲ. ದಂಡಿನ ಮುನಿಸಿಪಾಲಿಟಿ ಮತ್ತು ರೆಸಿಡೆಂಟರ ಕಚೇರಿಯ ಆಡಳಿತ ನಡೆದದ್ದು ಇಂಗ್ಲಿಷಿನಲ್ಲಿ. ಆ ಕಡತಗಳಿಂದ ಪ್ಲೇಗಿನ ವರ್ಷಗಳದ್ದನ್ನಷ್ಟೇ ಆಯ್ದು ಕನ್ನಡಕ್ಕೆ ತಂದು, ಉರ್ದುವಿನಲ್ಲೂ ತಮಿಳಿನಲ್ಲೂ ಅಚ್ಚು ಹಾಕಿ, ಶಿವಾಜಿನಗರದ ಸರ್ಕಾರಿ ಶಾಲೆಗಳಿಗೆ ಮುಟ್ಟಿಸಲಿ. ವಿಭೂತಿಪುರದ ಶಾಸನದ ಸಾರವನ್ನು ದಾರಿಹೋಕರಿಗೆ ಓದಲು ಬರುವ ಫಲಕದಲ್ಲಿ ಬರೆಸಲಿ. ಗೆಳೆಯರು ಹೇಳಿದ ಮೇಷ್ಟರುಗಳೇ ಇದನ್ನು ಮಾಡಬಲ್ಲರು.

ಇಷ್ಟಾದ ಮೇಲೂ ಹಬ್ಬ ಬೇಕೇಬೇಕು ಎನ್ನುವವರಿದ್ದರೆ 1809 ಬಿಟ್ಟು, ದಂಡು ಮೈಸೂರಿಗೆ ಮರಳಿದ 1947ರ ಜುಲೈ ತಿಂಗಳನ್ನು ಹಿಡಿಯಲಿ. ಆಗಸ್ಟ್ ಕೊನೆಗಂತೂ ಬೇಡ, ಧ್ವಜ ಏರಿದ ಮೇಲೆ ನಮ್ಮ ಬೀದಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.