ಕ್ಲೌಡ್ ಜೋಡಣೆಯ ವೆಚ್ಚ: ಕೊಟೇಶನ್ನಿನಲ್ಲಿ ಕಾಣದ ಬಾಬ್ತುಗಳು

ಸಣ್ಣ ಕೈಗಾರಿಕೆಗಳಲ್ಲಿ ಹಿಂದೆ ಗಣಕಯಂತ್ರದ ವೆಚ್ಚವೆಂದರೆ ಯಂತ್ರದ ಬೆಲೆ, ತಂತ್ರಾಂಶದ ಬೆಲೆ ಹಾಗೂ ವಾರ್ಷಿಕ ನಿರ್ವಹಣಾ ಕರಾರು, ಇಷ್ಟೇ ಆಗಿತ್ತು. ಖರೀದಿಸಿದ ವರ್ಷ ಆಸ್ತಿಯೆಂದು ದಾಖಲಿಸಿ, ಸವಕಳಿ ಕಳೆಯುತ್ತ ಹೋದರೆ ಲೆಕ್ಕ ಮುಗಿಯುತ್ತಿತ್ತು. ಕ್ಲೌಡ್ ಸೇವೆ ಬಂದ ಮೇಲೆ ಇದು ತಿಂಗಳು ತಿಂಗಳು ಬರುವ ರಾಜಸ್ವ ವೆಚ್ಚವಾಗಿದೆ. ಆದರೆ ವಿದ್ಯುತ್ ಬಿಲ್ಲನ್ನು ಓದುವಷ್ಟು ಎಚ್ಚರದಿಂದ ಕ್ಲೌಡ್ ಬಿಲ್ಲನ್ನು ಓದುವ ಉದ್ಯಮಿಗಳು ವಿರಳ.

ಯಾವ ಕಾರ್ಖಾನೆಯೂ ಯೋಜನೆ ಹಾಕಿಕೊಂಡು ಎರಡೆರಡು ಕ್ಲೌಡ್‌ಗಳಿಗೆ ಹೋಗುವುದಿಲ್ಲ. ಇಆರ್‌ಪಿ ಮಾರಿದವರು ಅದನ್ನು ಅಮೆಜಾನ್‌ನಲ್ಲಿ ಇರಿಸಿರುತ್ತಾರೆ. ಕಚೇರಿಯ ಇ-ಮೇಲ್ ಮತ್ತು ಕಡತಗಳು ಮೈಕ್ರೋಸಾಫ್ಟ್‌ನಲ್ಲಿರುತ್ತವೆ. ಮಾರಾಟದ ವಿಶ್ಲೇಷಣೆಗೆಂದು ಮತ್ತೊಬ್ಬರು ಗೂಗಲ್ ಸೇವೆಯನ್ನು ತಂದಿರುತ್ತಾರೆ. ಇವೆಲ್ಲವನ್ನೂ ಒಂದೇ ಜಾಲವಾಗಿ ಬೆಸೆಯುವ ತಂತ್ರಾಂಶದ ಕೊಟೇಶನ್ ಮೇಜಿಗೆ ಬರುವುದು ಆ ನಂತರ. ದೊಡ್ಡ ಸಂಸ್ಥೆಗಳಿಗಾಗಿ ರೂಪುಗೊಂಡ ಈ ಸರಕನ್ನು ಸಣ್ಣ ಉದ್ಯಮಿಯು ಕೇವಲ ಲೈಸೆನ್ಸ್ ಶುಲ್ಕ ನೋಡಿ ಒಪ್ಪಿಕೊಂಡರೆ, ಮೂಗಿಗಿಂತ ಮೂಗುತಿ ಭಾರವಾದೀತು.

ಈ ಜೋಡಣೆಯ ನಿಜವಾದ ವೆಚ್ಚದಲ್ಲಿ ನಾಲ್ಕು ಬಾಬ್ತುಗಳಿವೆ. ಮೊದಲನೆಯದು ತಂತ್ರಾಂಶದ ಲೈಸೆನ್ಸ್. ಎರಡನೆಯದು, ಆ ತಂತ್ರಾಂಶ ಓಡಲು ಪ್ರತಿ ಕ್ಲೌಡ್‌ನಲ್ಲಿಯೂ ಹಗಲಿರುಳು ಚಾಲನೆಯಲ್ಲಿರಬೇಕಾದ ಗಣಕದ ಬಾಡಿಗೆ, ಸಂಪರ್ಕದ ಗಂಟೆಯ ಶುಲ್ಕ ಇತ್ಯಾದಿ. ಅಮೆಜಾನ್ 2024ರ ಫೆಬ್ರವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ವಿಧಿಸುತ್ತಿದೆ. ಮೂರನೆಯದು ದತ್ತಾಂಶದ ಸಾಗಣೆ. ನಾಲ್ಕನೆಯದು ಇದನ್ನೆಲ್ಲ ನೋಡಿಕೊಳ್ಳುವ ತಜ್ಞರ ಸಂಬಳ. ಕೊಟೇಶನ್ನಿನಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು ಮೊದಲನೆಯದು ಮಾತ್ರ.

ಇವುಗಳಲ್ಲಿ ಸಾಗಣೆಯ ಬಾಬ್ತನ್ನು ವರ್ತಕರು ಸುಲಭವಾಗಿ ಗ್ರಹಿಸಬಲ್ಲರು. ಕ್ಲೌಡ್ ಎಂಬ ಗೋದಾಮಿನೊಳಕ್ಕೆ ಸರಕು ತರಲು ಸಾಮಾನ್ಯವಾಗಿ ಶುಲ್ಕವಿಲ್ಲ. ಹೊರಗೆ ಒಯ್ಯಲು ಪ್ರತಿ ಜಿಬಿಗೂ ಶುಲ್ಕವಿದೆ. ಅಮೆಜಾನ್‌ನ ಮುಂಬೈ ಕೇಂದ್ರದಿಂದ ಅಂತರ್ಜಾಲದ ಮೂಲಕ ಹೊರಹೋಗುವ ದತ್ತಾಂಶಕ್ಕೆ, ತಿಂಗಳಿಗೆ 100 ಜಿಬಿ ಉಚಿತ ಮಿತಿಯ ನಂತರ, ಪ್ರಕಟಿತ ದರ ಜಿಬಿಗೆ ಸುಮಾರು 10.93 ಸೆಂಟ್. ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಘಟಕವು ಗುಣಮಟ್ಟ ಪರೀಕ್ಷೆಯ ಚಿತ್ರಗಳನ್ನು ಒಂದು ಕ್ಲೌಡ್‌ನಲ್ಲಿಟ್ಟು, ತಿಂಗಳಿಗೆ 2,000 ಜಿಬಿಯಷ್ಟನ್ನು ಇನ್ನೊಂದಕ್ಕೆ ಕಳುಹಿಸುತ್ತದೆಂದು ಭಾವಿಸೋಣ. ಶುಲ್ಕ ಸುಮಾರು 207 ಡಾಲರ್. ಡಾಲರಿಗೆ 90 ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 18,600 ರೂಪಾಯಿ, ವರ್ಷಕ್ಕೆ ಎರಡೂಕಾಲು ಲಕ್ಷ ರೂಪಾಯಿಯ ಸನಿಹ. ಉಳಿದ ಮೂರು ಬಾಬ್ತುಗಳು ಇದರಲ್ಲಿ ಸೇರಿಲ್ಲ. ಡಾಲರ್ ಏರಿದರೆ ವೆಚ್ಚವೂ ಏರುತ್ತದೆ.

ತೆರಿಗೆಯ ಅಂಶವನ್ನೂ ಮರೆಯುವಂತಿಲ್ಲ. ಶೇ. 18ರ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವವರಿಗೆ ಅದು ವೆಚ್ಚವಲ್ಲ, ದುಡಿಯುವ ಬಂಡವಾಳದ ತಾತ್ಕಾಲಿಕ ತಡೆ ಮಾತ್ರ. ಆದರೆ ತಂತ್ರಾಂಶವನ್ನು ವಿದೇಶಿ ಸಂಸ್ಥೆಯಿಂದ ನೇರವಾಗಿ ಪಡೆದಲ್ಲಿ ರಿವರ್ಸ್ ಚಾರ್ಜ್ ಪದ್ಧತಿಯಂತೆ ತೆರಿಗೆಯನ್ನು ಮೊದಲು ನಗದಾಗಿಯೇ ಕಟ್ಟಬೇಕು.

2024ರ ಜನವರಿಯಲ್ಲಿ ಗೂಗಲ್, ಮಾರ್ಚ್‌ನಲ್ಲಿ ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಹೊರಸಾಗಣೆ ಶುಲ್ಕವನ್ನು ಮನ್ನಾ ಮಾಡಿದವೆಂಬ ಸುದ್ದಿ ಹಲವರಲ್ಲಿ ತಪ್ಪು ನಂಬಿಕೆ ಹುಟ್ಟಿಸಿದೆ. ಆ ರಿಯಾಯಿತಿ ಸೇವೆಯನ್ನು ತೊರೆದು ಹೋಗುವವರಿಗೆ. ಎರಡು ಕ್ಲೌಡ್‌ಗಳ ನಡುವೆ ದಿನನಿತ್ಯ ನಡೆಯುವ ಓಡಾಟಕ್ಕಲ್ಲ. ಐರೋಪ್ಯ ಒಕ್ಕೂಟದಲ್ಲಿ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿರುವ ದತ್ತಾಂಶ ಕಾಯಿದೆಯು ಅಲ್ಲಿನ ಗ್ರಾಹಕರಿಗೆ ಕೊಡುವ ರಕ್ಷಣೆ ಭಾರತದ ಉದ್ಯಮಿಗೆ ತಾನಾಗಿ ದೊರೆಯದು.

ಮೇಲಿನ ಲೆಕ್ಕದಿಂದ ಒಂದು ಸರಳ ನಿರ್ಣಯಕ್ಕೆ ಬರಬಹುದು. ಎರಡು ಕ್ಲೌಡ್‌ಗಳ ನಡುವೆ ಹರಿಯುವ ದತ್ತಾಂಶ ಅತ್ಯಲ್ಪವಾಗಿದ್ದರೆ, ಉದಾಹರಣೆಗೆ ದಿನದ ಇನ್‌ವಾಯ್ಸ್ ಹಾಗೂ ದಾಸ್ತಾನಿನ ವಿವರಗಳಷ್ಟೇ ಆಗಿದ್ದರೆ, ರಾತ್ರಿ ಒಮ್ಮೆ ಸುರಕ್ಷಿತವಾಗಿ ಕಡತ ಕಳುಹಿಸಿದರೆ ಸಾಕು. ಹಗಲಿರುಳಿನ ಜೋಡಣೆ ಅನಗತ್ಯ. ದತ್ತಾಂಶ ಅಪಾರವಾಗಿದ್ದರೆ ಜೋಡಣೆ ದುಬಾರಿ; ಆಗ ದತ್ತಾಂಶವಿರುವ ಕಡೆಗೇ ಕೆಲಸವನ್ನು ಒಯ್ಯುವುದು ಲೇಸು. ಕಚ್ಚಾ ಸಾಮಗ್ರಿ ಸಿಗುವಲ್ಲಿ ಕಾರ್ಖಾನೆ ಕಟ್ಟುವವರಿಗೆ ಈ ತರ್ಕ ಹೊಸದೇನಲ್ಲ. ಇವೆರಡರ ನಡುವಿನ ಕೆಲವೇ ಘಟಕಗಳಿಗೆ, ಹಲವು ಶಾಖೆಗಳುಳ್ಳವರಿಗೆ, ಈ ತಂತ್ರಾಂಶ ನಿಜಕ್ಕೂ ಉಪಯುಕ್ತವಾದೀತು.

ಇಲ್ಲಿ ಹಣಕ್ಕಿಂತ ಗಂಭೀರವಾದ ಸಂಗತಿಯೂ ಒಂದಿದೆ. ಕಂಪನಿ ಕಾಯಿದೆಯಂತೆ ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಕಾಪಾಡಬೇಕು. 2022ರ ಆಗಸ್ಟ್‌ನ ತಿದ್ದುಪಡಿಯಂತೆ ವಿದ್ಯುನ್ಮಾನ ಲೆಕ್ಕಪುಸ್ತಕಗಳು ಸದಾಕಾಲ ಭಾರತದಲ್ಲಿ ಲಭ್ಯವಿರಬೇಕು. ಅವುಗಳ ಬ್ಯಾಕಪ್ ಪ್ರತಿದಿನ ಭಾರತದಲ್ಲಿಯೇ ಇರುವ ಸರ್ವರ್‌ನಲ್ಲಿ ಉಳಿಯಬೇಕು. ಬಿಲ್ ಪಾವತಿ ತಪ್ಪಿತೆಂದೋ ಕರಾರು ಮುಗಿಯಿತೆಂದೋ ಸೇವೆ ನಿಂತರೆ ಮಾರಾಟಗಾರನಿಗೆ ಒಬ್ಬ ಗಿರಾಕಿ ತಪ್ಪುತ್ತಾನೆ, ಅಷ್ಟೇ. ಕಾನೂನಿನ ಮುಂದೆ ಉತ್ತರ ಹೇಳಬೇಕಾದವರು ಕಂಪನಿಯ ನಿರ್ದೇಶಕರು.

ಆದ್ದರಿಂದ ಸಹಿ ಹಾಕುವ ಮುನ್ನ ಉದ್ಯಮಿಗಳು ಕಳೆದ ಮೂರು ತಿಂಗಳ ಬಿಲ್ಲುಗಳನ್ನು ಬಾಬ್ತುವಾರು ವಿಂಗಡಿಸಿ, ತಿಂಗಳಿಗೆ ಎಷ್ಟು ಜಿಬಿ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಲಿಖಿತವಾಗಿ ಕೇಳಬೇಕು. ನಾಲ್ಕೂ ಬಾಬ್ತುಗಳ ಮೂರು ವರ್ಷದ ಒಟ್ಟು ವೆಚ್ಚವನ್ನು ರೂಪಾಯಿಯಲ್ಲಿ ಬರೆಸಿಕೊಳ್ಳಬೇಕು. ಕರಾರು ಮುಗಿದಾಗ ದತ್ತಾಂಶವನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ಹಿಂದಿರುಗಿಸಲಾಗುವುದೆಂಬ ಷರತ್ತು ಕರಾರಿನಲ್ಲಿಯೇ ಇರಬೇಕು. ಇವಿಷ್ಟಕ್ಕೆ ಸ್ಪಷ್ಟ ಉತ್ತರ ಕೊಡಲಾಗದ ಮಾರಾಟಗಾರನ ಕೊಟೇಶನ್, ಎಷ್ಟೇ ಅಗ್ಗವಾಗಿ ಕಂಡರೂ, ಸ್ವೀಕಾರಕ್ಕೆ ಯೋಗ್ಯವಲ್ಲ.