ಅಂಗಳದಲ್ಲಿ ಒಂದಕ್ಕೇ ಜಾಗ

ನಮ್ಮ ಕದ್ರಿಯ ಮನೆಯಂಗಳದಲ್ಲಿ ಇನ್ನು ಒಂದೇ ಬೈಕಿಗೆ ಜಾಗ. ಯೆಜ್ಡಿ ಇರಬೇಕೋ, ಬುಲೆಟ್ಟೋ? "ಅಜ್ಜಾ, ದೊಡ್ಡದೇ ಇರಲಿ" ಅಂತ ಮೊಮ್ಮಗನ ಹಟ.

ಮಕ್ಕಳೇ, ಯೆಜ್ಡಿ ನಮ್ಮ ಮೈಸೂರಿನದು. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 248.5 ಸಿಸಿ, ಸಿಲಿಂಡರು ಒಂದೇ, ಸೈಲೆನ್ಸರು ಮಾತ್ರ ಎರಡು! ಗೇರಿನ ಲಿವರನ್ನೇ ಎತ್ತಿ ನಿಲ್ಲಿಸಿದರೆ ಅದೇ ಕಿಕ್ಕರ್.

ಬುಲೆಟ್ಟು 346 ಸಿಸಿ. ನನ್ನ ಹಳೇ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಯೆಜ್ಡಿಗೆ ಇದರ ಉಲ್ಟಾ. ಮೊದಲ ವಾರ ಹಂಪನಕಟ್ಟೆಯಲ್ಲಿ ಬ್ರೇಕೆಂದು ಗೇರು ತುಳಿದು ಬಸ್ಸಿನ ಹಿಂಬದಿಗೆ ಗೇಣು ದೂರದಲ್ಲಿ ನಿಂತಿದ್ದೆ. ತಪ್ಪು ನನ್ನ ಕಾಲಿನದೇ.

ದೊಡ್ಡ ಎಂಜಿನ್ನು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ ಅಂದುಕೊಂಡಿರಾ? ಬ್ಯಾಂಕಿನವನಲ್ಲವೇ, ಲೆಕ್ಕ ಬರೆದಿಟ್ಟಿದ್ದೇನೆ. ಹೆಚ್ಚು ಕುಡಿದದ್ದು ಯೆಜ್ಡಿ! ಅದು ಟೂ ಸ್ಟ್ರೋಕ್. ಒಳಗೆ ಬಂದ ಪೆಟ್ರೋಲಿನಲ್ಲಿ ಸ್ವಲ್ಪ ಉರಿಯದೆಯೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಜೊತೆಗೆ ಪೆಟ್ರೋಲಿಗೆ ಆಯಿಲ್ ಬೇರೆ ಬೆರೆಸಬೇಕು.

ಚಾರ್ಮಾಡಿ ಘಾಟಿ ಇಳಿಯುವಾಗ ಬುಲೆಟ್ಟನ್ನು ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಯೆಜ್ಡಿಯಲ್ಲಿ ಬಹುಪಾಲು ಬ್ರೇಕನ್ನೇ ನಂಬಬೇಕು. ಹಾಗಾಗಿ ನನ್ನಾಕೆಗೆ ಘಾಟಿಗೆ ಬುಲೆಟ್ಟೇ ಆಗಬೇಕು.

ಇಷ್ಟಾದರೂ ನಾನು ಇಟ್ಟುಕೊಳ್ಳುವುದು ಯೆಜ್ಡಿಯನ್ನು. ಕಳೆದ ತಿಂಗಳು ಮಳೆಯಲ್ಲಿ ಬುಲೆಟ್ಟನ್ನು ಸ್ಟ್ಯಾಂಡಿಗೆ ಹಾಕಲು ಹೋದೆ. ಒಂದೂವರೆ ಕ್ವಿಂಟಾಲಿಗೂ ಹೆಚ್ಚಿನ ಭಾರ, ವಾಲಿತು. ಮೊಮ್ಮಗ ಓಡಿ ಬಂದು ಹಿಡಿಯದಿದ್ದರೆ ಇಬ್ಬರೂ ನೆಲಕ್ಕೆ. ಆಮೇಲೆ ಅವನೂ ಹಟ ಬಿಟ್ಟ.

ಭಾನುವಾರ ಪುತ್ತೂರಿನವರೊಬ್ಬರು ಬಂದು ಬುಲೆಟ್ಟು ಒಯ್ಯುತ್ತಾರೆ. ನನ್ನಾಕೆ ನಿನ್ನೆಯಿಂದ ಅದರ ಹಿಂದಿನ ಸೀಟು ಒರೆಸುತ್ತಿದ್ದಾಳೆ.