ಡಾರ್ವಿನ್ ಬರೆದ ಸೊಟ್ಟ ಮರ

ಕನ್ನಡದಲ್ಲಿ ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಆದರೂ ಅಕ್ಷರ ಬರೆಯಲು ಬಾರದು ಎನ್ನಲು ನಾಚುವವರೇ, "ನನಗೆ ಚಿತ್ರ ಬರೆಯೋಕೆ ಬರೋದಿಲ್ಲಪ್ಪ" ಎಂದು ಸಂಕೋಚವಿಲ್ಲದೆ ಹೇಳಿಬಿಡುತ್ತಾರೆ. ಚಿತ್ರವೆಂದರೆ ಚೆಂದ ಕಾಣಬೇಕಾದದ್ದು, ಗೋಡೆಗೆ ತೂಗುಹಾಕಬೇಕಾದದ್ದು ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಅಂಥವರು ಚಾರ್ಲ್ಸ್ ಡಾರ್ವಿನ್ ಬರೆದ ಒಂದು ಚಿತ್ರದ ಕತೆ ಕೇಳಬೇಕು.

ಬೀಗಲ್ ಹಡಗಿನಲ್ಲಿ ಸುಮಾರು ಐದು ವರ್ಷ ಲೋಕ ಸುತ್ತಿ 1836ರ ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಮರಳಿದ ಡಾರ್ವಿನ್, ಮರುವರ್ಷ ಜುಲೈನಲ್ಲಿ ಪುಟ್ಟದೊಂದು ಟಿಪ್ಪಣಿ ಪುಸ್ತಕದಲ್ಲಿ ಬರೆಯತೊಡಗಿದ. ಆಗವನಿಗೆ 28 ವರ್ಷ. ಒಂದು ಜೀವಿಯಿಂದ ಇನ್ನೊಂದು ಹುಟ್ಟುತ್ತದೆ ಎಂಬುದು ಮನಸ್ಸಿಗೆ ಬಂದಿತ್ತು. ಅದರ ರೂಪ ಮಾತ್ರ ಹಿಡಿತಕ್ಕೆ ಸಿಕ್ಕಿರಲಿಲ್ಲ. ಬುಡವೆಲ್ಲ ಸತ್ತು ತುದಿ ಮಾತ್ರ ಬದುಕಿರುವ ಹವಳದ ಹಾಗಿರಬಹುದೇ ಎಂದು ಯೋಚಿಸಿ ಎರಡು ಸಣ್ಣ ಚಿತ್ರ ಗೀಚಿದ. ಹತ್ತು ಪುಟ ಕಳೆದ ಮೇಲೆ, 36ನೆಯ ಪುಟದಲ್ಲಿ, "ನನ್ನ ಯೋಚನೆ" ಎಂಬರ್ಥದ ಎರಡು ಪದ ಬರೆದು, ಕೆಳಗೊಂದು ಸೊಟ್ಟ ಮರ ಬರೆದ.

ಬುಡದಲ್ಲಿ 1 ಎಂಬ ಅಂಕಿ, ಅಲ್ಲಿಂದ ಕವಲುಗಳು. ಕೆಲವು ಕವಲಿನ ತುದಿಗೆ ಅಡ್ಡಗೀಟು. ಅವು ಈಗಲೂ ಬದುಕಿರುವ ಗುಂಪುಗಳು, ಉಳಿದವು ಅಳಿದವು. ಬದುಕಿರುವವಕ್ಕೆ ಎ, ಬಿ, ಸಿ, ಡಿ ಎಂಬ ಹೆಸರು. ಬಿ ಮತ್ತು ಸಿ ಹತ್ತಿರದ ದಾಯಾದಿಗಳು. ಬಿಯಿಂದ ಎ ಬಲು ದೂರ. ಯಾಕಷ್ಟು ಅಂತರ? ನಡುವಿನ ಕೊಂಬೆಗಳು ಒಣಗಿವೆ, ನೋಡಿ! ಜೀವಿಗಳನ್ನು ಕೀಳಿನಿಂದ ಮೇಲಕ್ಕೆ ಏಣಿಯ ಮೆಟ್ಟಿಲುಗಳಂತೆ ಜೋಡಿಸುತ್ತಿದ್ದ ಕಾಲ ಅದು. ಏಣಿಗೆ ಕವಲು ಒಡೆಯಲು ಬಾರದು. ಮರಕ್ಕೆ ಬರುತ್ತದೆ.

1859ರಲ್ಲಿ ಡಾರ್ವಿನ್ನನ ಮಹಾಗ್ರಂಥ ಅಚ್ಚಾದಾಗ ಅದರಲ್ಲಿದ್ದುದು ಒಂದೇ ಒಂದು ಚಿತ್ರ. ಅದೂ ಕವಲೊಡೆಯುವ ಗೆರೆಗಳದೇ. 22 ವರ್ಷ ಆ ಮರ ಅವನ ಕೈಬಿಡಲಿಲ್ಲ. ಆ ಟಿಪ್ಪಣಿ ಪುಸ್ತಕ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ 2001ರ ಹೊತ್ತಿಗೆ ಕಾಣೆಯಾಗಿತ್ತು. 2022ರ ಮಾರ್ಚಿನಲ್ಲಿ ಯಾರೋ ಗುಲಾಬಿ ಬಣ್ಣದ ಉಡುಗೊರೆ ಚೀಲದಲ್ಲಿ ಅದನ್ನಿಟ್ಟು ಹೋದರು!

ಇಷ್ಟಾಗಿ ಡಾರ್ವಿನ್ ಒಳ್ಳೆಯ ಚಿತ್ರಕಾರನೇ? ಅಲ್ಲ. ಚಿತ್ರ ಬರೆಯಲು ಬಾರದ್ದಕ್ಕೆ ಆತ್ಮಕಥೆಯಲ್ಲಿ ಅವನೇ ಮರುಗಿದ್ದಾನೆ.

ಗೆರೆ ಮಾಡುವ ಕೆಲಸವೇ ಬೇರೆ. ತಲೆಯೊಳಗಿರುವ ಯೋಚನೆ ಹೊಗೆಯಂತೆ. ತನ್ನ ಹುಳುಕನ್ನು ಮುಚ್ಚಿಕೊಂಡಿರುತ್ತದೆ. ಕಾಗದಕ್ಕೆ ಇಳಿದರೆ ಎದುರು ಕೂತು ಜವಾಬು ಹೇಳಬೇಕಾಗುತ್ತದೆ. ನಮ್ಮ ಬಡಗಿಗಳಿಗೆ ಇದು ಗೊತ್ತು. ಕಿಟಕಿ ಹೇಗಿರಬೇಕೆಂದು ನೀವು ಎಷ್ಟು ವಿವರಿಸಿದರೂ ತಲೆಯಾಡಿಸುತ್ತಾರೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಲಗೆಯ ಮೇಲೆ ನಾಲ್ಕು ಗೆರೆ ಎಳೆದ ಮೇಲೆ, "ಇಲ್ಲಿ ಬಾಗಿಲು ತಾಗುತ್ತಲ್ಲ ಸ್ವಾಮಿ" ಎನ್ನುತ್ತಾರೆ. ಆ ತೊಡಕು ಅಲ್ಲಿಯವರೆಗೆ ಅವರಿಗೂ ಕಂಡಿರಲಿಲ್ಲ, ನಿಮಗೂ ಕಂಡಿರಲಿಲ್ಲ. ದೊಡ್ಡ ಕಂಪೆನಿಗಳು ಈಗ ‘ಡಿಸೈನ್ ಥಿಂಕಿಂಗ್’ ಎಂಬ ಹೆಸರಿನಲ್ಲಿ ದುಡ್ಡು ಕೊಟ್ಟು ಕಲಿಯುವ ಪಾಠಗಳಲ್ಲಿ ಇದೂ ಒಂದು: ಒರಟಾಗಿ ಬರೆ, ನೋಡು, ತಿದ್ದು.

ಆದರೆ ನಮ್ಮ ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಯ ಪೀರಿಯಡ್ಡು ಪರೀಕ್ಷೆ ಬಂತೆಂದರೆ ಗಣಿತಕ್ಕೆ ಬಲಿ. ಉಳಿದ ದಿನಗಳಲ್ಲೂ ಬೋರ್ಡಿನ ಮೇಲಿನ ಹೂಜಿಯನ್ನು ಹಾಗೆಯೇ ಇಳಿಸಬೇಕು, ವಾರೆಯಾದರೆ ರಬ್ಬರು. ಹೈಸ್ಕೂಲು ಸೇರುವಷ್ಟರಲ್ಲಿ ಮಗು ತನಗಿದು ಬಾರದೆಂದು ತೀರ್ಮಾನಿಸಿ, ಯೋಚಿಸುವ ಒಂದು ದಾರಿಯನ್ನೇ ಮುಚ್ಚಿಕೊಂಡಿರುತ್ತದೆ. ತಮಾಷೆಯೆಂದರೆ ಯಾವ ಗಣಿತಕ್ಕಾಗಿ ಆ ಪೀರಿಯಡ್ಡನ್ನು ಕಸಿದೆವೋ, ಆ ಗಣಿತಕ್ಕೂ ಗೆರೆ ಬೇಕು.

ಮನೆಯಲ್ಲಿ ಮಗಳು ಎದುರುಬದುರು ಬರುವ ರೈಲುಗಳ ಲೆಕ್ಕ ಹಿಡಿದು ಒದ್ದಾಡುತ್ತಿದ್ದರೆ ಸೂತ್ರ ಹೇಳಿಕೊಡುವ ಮುಂಚೆ, "ಬರೆದು ನೋಡು ಪುಟ್ಟಿ" ಅನ್ನಿ. ರೈಲು ಬೆಂಕಿಪೆಟ್ಟಿಗೆಯಂತೆ ಕಂಡರೂ ನಗಬೇಡಿ.